ಒಸಾಕಾ: ಐದು ದಿನ, ಐದು ಜನ, ಶುದ್ಧ ಸಸ್ಯಾಹಾರ. ಯೋಜನೆ ನೋಡಿ ತಿದ್ದಿಕೊಡಿ

ತುಂಗೆಯ ದಂಡೆ:

ಎಲ್ಲರಿಗೂ ನಮಸ್ಕಾರ. 2026ರ ನವೆಂಬರ್ 16, ಸೋಮವಾರ ಸಂಜೆ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇವೆ. 22, ಭಾನುವಾರ ಮಧ್ಯಾಹ್ನ ವಾಪಸ್. ನಾವಿಬ್ಬರು, ಒಂಬತ್ತು ವರ್ಷದ ಮಗಳು, ಅತ್ತೆ, ಮಾವ. ಮಾವನವರಿಗೆ ಮಂಡಿನೋವು, ಒಂದೇ ಬಾರಿಗೆ ಒಂದು ಕಿಲೋಮೀಟರ್‌ಗಿಂತ ಹೆಚ್ಚು ನಡೆಸುವಂತಿಲ್ಲ. ಹಾಲು, ಮೊಸರು ನಡೆಯುತ್ತದೆ, ಮೊಟ್ಟೆ ಇಲ್ಲ. ಹೋಟೆಲ್ ನಂಬಾದಲ್ಲಿ.

ಈಗಿನ ಯೋಜನೆ ಹೀಗಿದೆ. ಮಂಗಳವಾರ ಒಸಾಕಾ ಕೋಟೆ, ಪಕ್ಕದ ಇತಿಹಾಸ ಮ್ಯೂಸಿಯಂ, ಸಂಜೆ ಕಾಯ್ಯುಕಾನ್ ಅಕ್ವೇರಿಯಂ. ಬುಧವಾರ ಉಮೆದಾ, ನಂಬಾದ ದೋತೊಂಬೊರಿ ಬೀದಿ. ಗುರುವಾರ ನಾರಾ. ಶುಕ್ರವಾರ ಸುಮಿಯೋಶಿ, ಶಿತೆನ್ನೋಜಿ ದೇವಾಲಯಗಳು. ಶನಿವಾರ ಯೂನಿವರ್ಸಲ್ ಸ್ಟುಡಿಯೋಸ್. ಎಲ್ಲಕ್ಕೂ ಅಮೇಜಿಂಗ್ ಪಾಸ್ (ರೈಲು ಮತ್ತು ಪ್ರವೇಶ ಟಿಕೆಟ್ ಸೇರಿದ ಪ್ರವಾಸಿ ಪಾಸ್) ತೆಗೆದುಕೊಂಡರೆ ಸಾಕೆ? ಮಿನೊ ಜಲಪಾತವನ್ನು ಎಲ್ಲಿ ಸೇರಿಸಲಿ?

ಮಿದೋಸುಜಿ:

ಜಾಗಗಳ ಆಯ್ಕೆ ಚೆನ್ನಾಗಿದೆ, ಹೊಂದದಿರುವುದು ವಾರಗಳು. ಮಂಗಳವಾರ ಇತಿಹಾಸ ಮ್ಯೂಸಿಯಂಗೆ ರಜೆ. ಶನಿವಾರ 21ರಿಂದ ಸೋಮವಾರ 23ರವರೆಗೆ ಜಪಾನಿನಲ್ಲಿ ಮೂರು ದಿನದ ರಜೆ, ಏಕೆಂದರೆ 23 ಅವರ ಕಾರ್ಮಿಕ ಕೃತಜ್ಞತಾ ದಿನ. ಆ ಶನಿವಾರ ಯೂನಿವರ್ಸಲ್‌ಗೆ ಹೋದರೆ ಟಿಕೆಟ್ ದರವೂ ಹೆಚ್ಚು, ಸಾಲೂ ಉದ್ದ. ಇನ್ನೊಂದು ಕಡೆ, ಶಿತೆನ್ನೋಜಿಯಲ್ಲಿ ಪ್ರತಿ ತಿಂಗಳು 21 ಮತ್ತು 22ನೇ ತಾರೀಕು ಸಂತೆ ಕೂಡುತ್ತದೆ. ನೀವು ಊರಿನಲ್ಲಿದ್ದೂ ಶುಕ್ರವಾರ 20ಕ್ಕೆ ಅಲ್ಲಿಗೆ ಹೋದರೆ ಅದನ್ನು ಒಂದು ದಿನದಲ್ಲಿ ತಪ್ಪಿಸಿಕೊಂಡಂತೆ.

ಒಸಾಕಾವನ್ನು ನೋಡಬೇಕಾದ ಜಾಗಗಳ ಪಟ್ಟಿ ಇಟ್ಟುಕೊಂಡು ಹಂಚಬೇಡಿ, ರೈಲು ಮಾರ್ಗದ ಪ್ರಕಾರ ಹಂಚಿ. ಉತ್ತರದಲ್ಲಿ ಉಮೆದಾ, ಅದನ್ನು ಕಿತಾ ಅನ್ನುತ್ತಾರೆ. ದಕ್ಷಿಣದಲ್ಲಿ ನಂಬಾ, ಅದು ಮಿನಾಮಿ. ಎರಡನ್ನೂ ಜೋಡಿಸಿ ಇನ್ನೂ ಕೆಳಗೆ ತೆನ್ನೋಜಿಗೆ ಹೋಗುವುದು ಕೆಂಪು ಬಣ್ಣದ ಮಿದೋಸುಜಿ ಮೆಟ್ರೋ, 1933ರಲ್ಲಿ ಶುರುವಾದದ್ದು. ಅದನ್ನು ಅಡ್ಡ ಹಾಯುವ ಹಸಿರು ಚುವೊ ಮಾರ್ಗ ಪಶ್ಚಿಮಕ್ಕೆ ಬಂದರಿಗೂ ಪೂರ್ವಕ್ಕೆ ಕೋಟೆಯ ಕಡೆಗೂ ಹೋಗುತ್ತದೆ. ಒಂದು ದಿನ ಒಂದು ಮಾರ್ಗದ ಮೇಲಿನ ಜಾಗಗಳನ್ನಷ್ಟೇ ಇಟ್ಟುಕೊಂಡರೆ ರೈಲು ಬದಲಾಯಿಸುವ ನಡಿಗೆ ಉಳಿಯುತ್ತದೆ. ಮಂಡಿನೋವಿನವರಿಗೆ ದಣಿವಾಗುವುದು ನೋಡುವ ಜಾಗದಲ್ಲಲ್ಲ, ನಿಲ್ದಾಣದ ಒಳಗೆ. ಉಮೆದಾದಲ್ಲಿ ಒಂದು ಮಾರ್ಗದಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಅರ್ಧ ಕಿಲೋಮೀಟರ್ ಆಗಿಬಿಡುತ್ತದೆ.

ಐದು ಜನ ಇರುವುದರಿಂದ ಟ್ಯಾಕ್ಸಿ ವಿಷಯವನ್ನೂ ಹೇಳುತ್ತೇನೆ. ಅಲ್ಲಿನ ಸಾಮಾನ್ಯ ಟ್ಯಾಕ್ಸಿಯಲ್ಲಿ ಪ್ರಯಾಣಿಕರು ನಾಲ್ಕೇ ಜನ, ಐದನೆಯವರನ್ನು ಹತ್ತಿಸಿಕೊಳ್ಳುವುದಿಲ್ಲ. ಅತ್ತೆ, ಮಾವ ಮತ್ತು ನಿಮ್ಮಲ್ಲೊಬ್ಬರು ಟ್ಯಾಕ್ಸಿಯಲ್ಲಿ, ಉಳಿದವರು ರೈಲಿನಲ್ಲಿ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಕೆಂಪು ಬಸ್ಸು:

ಇಳಿದ ಸಂಜೆಯಿಂದಲೇ ಶುರು ಮಾಡೋಣ. ಹೋಟೆಲ್ ನಂಬಾದಲ್ಲಿ ಅಂದರೆ ನಂಕಾಯ್ ರೈಲೇ ನಿಮ್ಮದು. ವಿಮಾನ ನಿಲ್ದಾಣದ ಕಟ್ಟಡದಿಂದ ಸೇತುವೆ ದಾಟಿದರೆ ಒಂದೇ ಕಡೆ ಎರಡು ಗೇಟು, ನೀಲಿ ಫಲಕದ್ದು ಜೆಆರ್ (ಜಪಾನ್ ರೈಲ್ವೇಸ್), ಕೆಂಪು ಬಣ್ಣದ್ದು ಖಾಸಗಿ ಕಂಪನಿ ನಂಕಾಯ್. ನಂಕಾಯ್‌ನಲ್ಲಿ ಎರಡು ಬಗೆ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ನಂಬಾಕ್ಕೆ ಸುಮಾರು 45 ನಿಮಿಷ, 970 ಯೆನ್, ಸೀಟು ಕಾಯ್ದಿರಿಸುವ ಹಾಗಿಲ್ಲ. ರಾಪಿತೊ ಅನ್ನುವ ನೀಲಿ ರೈಲು 40 ನಿಮಿಷದೊಳಗೆ ಹೋಗುತ್ತದೆ, ಎಲ್ಲವೂ ಕಾಯ್ದಿರಿಸಿದ ಸೀಟು, ಒಟ್ಟು 1,490 ಯೆನ್. ಸಮಯದ ಉಳಿತಾಯ ಕೆಲವೇ ನಿಮಿಷ. ಆದರೂ ದೊಡ್ಡ ಪೆಟ್ಟಿಗೆ ಇಡಲು ಜಾಗ, ಖಾತ್ರಿ ಸೀಟು ಬೇಕಾದ ಹಿರಿಯರು ಇರುವಾಗ ರಾಪಿತೊಗೆ ಕೊಡುವ 520 ಯೆನ್ ಸಾರ್ಥಕ.

ಜೆಆರ್‌ನ ಕನ್ಸಾಯ್ ಏರ್‌ಪೋರ್ಟ್ ರ‍್ಯಾಪಿಡ್ ರೈಲು ತೆನ್ನೋಜಿ ಮೂಲಕ ಒಸಾಕಾ ನಿಲ್ದಾಣಕ್ಕೆ ಹೋಗುತ್ತದೆ, ಸುಮಾರು 70 ನಿಮಿಷ. ಊರಿಗೆ ಬರುವಾಗ ತೊಂದರೆ ಇಲ್ಲ. ವಾಪಸ್ ವಿಮಾನ ನಿಲ್ದಾಣಕ್ಕೆ ಇದೇ ರೈಲಿನಲ್ಲಿ ಹೋಗುವವರು ಹುಷಾರಾಗಿರಬೇಕು. ಎಂಟು ಬೋಗಿಯ ಈ ರೈಲು ಹಿನೆನೊ ನಿಲ್ದಾಣದಲ್ಲಿ ಎರಡು ತುಂಡಾಗುತ್ತದೆ. 1ರಿಂದ 4ನೇ ಬೋಗಿ ವಿಮಾನ ನಿಲ್ದಾಣಕ್ಕೆ, 5ರಿಂದ 8 ವಾಕಾಯಾಮಾಕ್ಕೆ. ಸೀಟು ಖಾಲಿ ಇದೆ ಅಂತ ಹಿಂದಿನ ಬೋಗಿಗೆ ಹತ್ತಿ ನಿದ್ದೆ ಹೋದವರು ಬೇರೆಯೇ ಊರಿಗೆ ಹೋಗಿ ವಿಮಾನ ತಪ್ಪಿಸಿಕೊಳ್ಳುತ್ತಾರೆ. ಬೋಗಿಯ ಒಳಗಿನ ಫಲಕದಲ್ಲಿ ಗುರಿಯ ಹೆಸರು ಇಂಗ್ಲಿಷಿನಲ್ಲೂ ಬರುತ್ತದೆ. ತಪ್ಪಾಗಿ ಹತ್ತಿದ್ದರೆ ಹಿನೆನೊ ಬರುವುದರೊಳಗೆ ಮುಂದಿನ ಬೋಗಿಗೆ ಹೋಗಿ ಕುಳಿತುಕೊಳ್ಳಿ.

ನಂಬಾದಲ್ಲೂ ಒಂದು ಗೊಂದಲವಿದೆ. ನಂಕಾಯ್ ನಂಬಾ, ಇನ್ನೊಂದು ಖಾಸಗಿ ರೈಲು ಕಿಂತೆತ್ಸುವಿನ ಒಸಾಕಾ-ನಂಬಾ, ಜೆಆರ್ ನಂಬಾ, ಮೂರು ಮೆಟ್ರೋ ನಂಬಾ, ಎಲ್ಲವೂ ಬೇರೆ ಬೇರೆ. ಜೆಆರ್ ನಂಬಾ ಪಶ್ಚಿಮಕ್ಕೆ ಹತ್ತು ನಿಮಿಷ ಆಚೆ ಇದೆ. ನಕ್ಷೆಯಲ್ಲಿ ಹೋಟೆಲ್ ಯಾವ ನಂಬಾದ ಪಕ್ಕ, ಲಿಫ್ಟ್ ಇರುವ ಹೊರದಾರಿಯ ಸಂಖ್ಯೆ ಯಾವುದು ಅನ್ನುವುದನ್ನು ಇಲ್ಲಿಂದಲೇ ಬರೆದುಕೊಂಡು ಹೋಗಿ. ಎಲ್ಲ ಹೊರದಾರಿಗೂ ಲಿಫ್ಟ್ ಇಲ್ಲ.

ತುಂಗೆಯ ದಂಡೆ:

ತುಂಬಾ ಉಪಕಾರವಾಯಿತು. ಪಾಸ್ ವಿಷಯ? ರೈಲಿಗೆ ಮುಟ್ಟಿಸುವ ಕಾರ್ಡ್ ಮಗಳಿಗೆ ಬೇರೆ ಬೇಕೆ? ಫೋನಿನಲ್ಲೇ ಕಾರ್ಡ್ ಹಾಕಿಕೊಳ್ಳಬಹುದು ಅಂತ ಓದಿದ್ದೆ.

ಕೆಂಪು ಬಸ್ಸು:

ಐಫೋನ್ ಆದರೆ ಆಗುತ್ತದೆ, ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಆದರೆ ಆಗುವುದಿಲ್ಲ. ಆ ಕಾರ್ಡಿಗೆ ಬೇಕಾದ ಫೆಲಿಕಾ ಚಿಪ್ ಸೌಲಭ್ಯ ಜಪಾನಿನಲ್ಲಿ ಮಾರುವ ಆಂಡ್ರಾಯ್ಡ್‌ಗಳಲ್ಲಿ ಮಾತ್ರ ತೆರೆದಿರುತ್ತದೆ. ಐಫೋನಿನಲ್ಲೂ ಹೊರದೇಶದ ವೀಸಾ ಕಾರ್ಡಿನಿಂದ ದುಡ್ಡು ತುಂಬಿಸುವಾಗ ಕೆಲವೊಮ್ಮೆ ತಿರಸ್ಕಾರವಾಗುತ್ತದೆ. ಹಾಗಾಗಿ ವಿಮಾನ ನಿಲ್ದಾಣದ ಜೆಆರ್ ಗೇಟಿನ ಹತ್ತಿರದ ಯಂತ್ರದಲ್ಲಿ ಇಕೋಕಾ ಕಾರ್ಡ್ ತೆಗೆದುಕೊಳ್ಳಿ: 2,000 ಯೆನ್, ಅದರಲ್ಲಿ 500 ಠೇವಣಿ, 1,500 ಬಳಸಲು. ಇದು ಜೆಆರ್, ಮೆಟ್ರೋ, ಖಾಸಗಿ ರೈಲು, ಬಸ್, ಕನ್ವೀನಿಯನ್ಸ್ ಅಂಗಡಿ ಎಲ್ಲೆಡೆ ನಡೆಯುತ್ತದೆ. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಅರ್ಧ ದರ. ಆದರೆ ಮಕ್ಕಳ ಇಕೋಕಾ ಯಂತ್ರದಲ್ಲಿ ಬರುವುದಿಲ್ಲ, ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಮಾಡಿಸಬೇಕು. ವಾಪಸ್ ಕೊಡುವಾಗ ಬಾಕಿ ಹಣದಿಂದ 220 ಯೆನ್ ಮುರಿದುಕೊಳ್ಳುತ್ತಾರೆ. ಬಾಕಿಯನ್ನು ಸೊನ್ನೆಗೆ ಇಳಿಸಿ ಕೊಟ್ಟರೆ ಠೇವಣಿ ಪೂರ್ತಿ ಬರುತ್ತದೆ. ವಾಪಸ್ ಪಡೆಯುವುದು ಜೆಆರ್ ವೆಸ್ಟ್ ನಿಲ್ದಾಣದಲ್ಲಿ ಮಾತ್ರ.

ಒಸಾಕಾ ಮೆಟ್ರೋದಲ್ಲಿ 2024ರ ಅಕ್ಟೋಬರ್‌ನಿಂದ ಬ್ಯಾಂಕಿನ ಟ್ಯಾಪ್ ಕಾರ್ಡೂ ನಡೆಯುತ್ತದೆ, ಅದಕ್ಕೆ ಗುರುತು ಹಾಕಿದ ಗೇಟಿನಲ್ಲಷ್ಟೇ. ಮಕ್ಕಳ ದರ ಅದರಲ್ಲಿ ಸಿಗುವುದಿಲ್ಲ.

ಅಮೇಜಿಂಗ್ ಪಾಸ್ ನಿಮ್ಮ ಕುಟುಂಬಕ್ಕೆ ಬೇಡ. ಒಂದು ದಿನದ ಪಾಸ್‌ನಲ್ಲಿ ಮೆಟ್ರೋ ಜೊತೆ ನಗರದೊಳಗಿನ ಖಾಸಗಿ ರೈಲುಗಳೂ ಸೇರುತ್ತವೆ, ಎರಡು ದಿನದ್ದರಲ್ಲಿ ಮೆಟ್ರೋ ಮತ್ತು ಬಸ್ ಮಾತ್ರ. ಎರಡರಲ್ಲೂ ಜೆಆರ್ ಇಲ್ಲ. ಕಾಯ್ಯುಕಾನ್‌ಗೆ ಪುಕ್ಕಟೆ ಪ್ರವೇಶ ಇಲ್ಲ, ಯೂನಿವರ್ಸಲ್‌ಗೂ ಇಲ್ಲ. ಉಮೆದಾ ಸ್ಕೈ ಕಟ್ಟಡಕ್ಕೆ ಮಧ್ಯಾಹ್ನ 3ರ ಒಳಗೆ ಹೋದರೆ ಮಾತ್ರ ಪುಕ್ಕಟೆ, ಜನ ಹೋಗಬಯಸುವುದು ಸೂರ್ಯಾಸ್ತಕ್ಕೆ. ದಿನಕ್ಕೆ ನಾಲ್ಕು, ಐದು ಟಿಕೆಟಿನ ಜಾಗಗಳಿಗೆ ಓಡುವವರಿಗೆ ಅದು ಲಾಭ. ನೀವು ಎರಡು ಜಾಗ ನೋಡುವವರು. ಮೆಟ್ರೋದ ಕನಿಷ್ಠ ದರ 190 ಯೆನ್. ಒಂದೇ ದಿನ ನಾಲ್ಕಕ್ಕಿಂತ ಹೆಚ್ಚು ಸಲ ಹತ್ತಿ ಇಳಿಯುವುದಿದ್ದರೆ ಎಂಜಾಯ್ ಇಕೋ ಕಾರ್ಡ್ ಎಂಬ ಒಂದು ದಿನದ ಮೆಟ್ರೋ ಪಾಸ್ ನೋಡಿ: ವಾರದ ದಿನ 820, ಶನಿವಾರ, ಭಾನುವಾರ ಮತ್ತು ರಜಾದಿನ 620, ಮಕ್ಕಳಿಗೆ 310 ಯೆನ್. ಶನಿವಾರಕ್ಕೆ ನಿಮಗೆ ಅದು ಸರಿಹೋಗುತ್ತದೆ.

ಬುರುಜು:

ಕೋಟೆಯನ್ನು ಬುಧವಾರಕ್ಕೆ ಹಾಕಿಕೊಳ್ಳಿ, ಆಗ ಇತಿಹಾಸ ಮ್ಯೂಸಿಯಂ ತೆರೆದಿರುತ್ತದೆ. ಕ್ರಮವೂ ಮುಖ್ಯ: ಮೊದಲು ಮ್ಯೂಸಿಯಂ, ಆಮೇಲೆ ಕೋಟೆ. ತಾನಿಮಾಚಿ 4-ಚೋಮೆ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಮ್ಯೂಸಿಯಂ. ಲಿಫ್ಟಿನಲ್ಲಿ ನೇರ 10ನೇ ಮಹಡಿಗೆ ಹೋಗಿ ಅಲ್ಲಿಂದ ಇಳಿಯುತ್ತಾ ನೋಡುವ ಏರ್ಪಾಡು. ಆ ಮಹಡಿಯಲ್ಲಿ ನಾನಿವಾ (ಒಸಾಕಾದ ಹಳೆಯ ಹೆಸರು) ಅರಮನೆಯ ಸಭಾಂಗಣವನ್ನು ನಿಜವಾದ ಅಳತೆಯಲ್ಲೇ ಕಟ್ಟಿ ನಿಲ್ಲಿಸಿದ್ದಾರೆ, ಕಿಟಕಿಯಿಂದ ಇಡೀ ಕೋಟೆ ಕಾಣುತ್ತದೆ. ಕಂದಕ ಎಷ್ಟು ಅಗಲ, ಗೋಡೆ ಹೇಗೆ ಮುರಿಮುರಿಯಾಗಿ ತಿರುಗುತ್ತದೆ ಅನ್ನುವುದು ಅಲ್ಲಿಂದ ಅರ್ಥವಾಗುವಷ್ಟು ಕೆಳಗೆ ನಿಂತು ಆಗುವುದಿಲ್ಲ.

ಈಗ ಕಾಣುವ ಗೋಪುರ 1931ರಲ್ಲಿ ಊರಿನ ಜನರ ದೇಣಿಗೆಯಿಂದ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಸೇನಾಧಿಪತಿ ತೊಯೊತೊಮಿ ಹಿದೆಯೋಶಿ 1583ರಲ್ಲಿ ಶುರು ಮಾಡಿದ ಕೋಟೆ 1615ರ ಮುತ್ತಿಗೆಯಲ್ಲಿ ಬಿತ್ತು. ಗೆದ್ದ ತೊಕುಗಾವರು ಅದರ ಮೇಲೆ ಮಣ್ಣು ಹೇರಿ ಹೊಸ ಕೋಟೆ ಕಟ್ಟಿದರು, ಆ ಗೋಪುರಕ್ಕೂ 1665ರಲ್ಲಿ ಸಿಡಿಲು ಬಡಿಯಿತು. ಗೋಪುರದ ಒಳಗೆ ಹೋದವರು ‘ಹಳೆಯದೇನೂ ಇಲ್ಲ’ ಅಂತ ಬೇಸರಪಡುವುದು ಇದಕ್ಕೇ. ಹಳೆಯದು ಇರುವುದು ಹೊರಗೆ, ಕಲ್ಲಿನಲ್ಲಿ. ಸಾಕುರಾಮೊನ್ ಬಾಗಿಲು ದಾಟಿದ ಕೂಡಲೇ ಎದುರಿಗೆ ತಾಕೊ-ಇಶಿ, ಎದುರಿನ ಮೈಯೇ ಸುಮಾರು 60 ಚದರ ಮೀಟರ್ ಇರುವ ಒಂದೇ ಕಲ್ಲು. ಅದರ ಮುಂದೆ ಐದು ನಿಮಿಷ ನಿಲ್ಲಿ. ಹೂತುಹೋಗಿದ್ದ ಹಿದೆಯೋಶಿ ಕಾಲದ ಗೋಡೆಯನ್ನು ಅಗೆದು ನೆಲದಡಿಯಲ್ಲೇ ತೋರಿಸುವ ಕಲ್ಲುಗೋಡೆ ಸಂಗ್ರಹಾಲಯ 2025ರ ಏಪ್ರಿಲ್‌ನಲ್ಲಿ ತೆರೆದಿದೆ. ಗೋಪುರದ 1,200 ಯೆನ್ ಟಿಕೆಟಿನಲ್ಲೇ ಅದೂ ಸೇರಿದೆ. ಹಳೆಯ ಬ್ಲಾಗ್‌ಗಳಲ್ಲಿ 600 ಅಂತ ಇರುತ್ತದೆ, ಅದು ಅದಕ್ಕಿಂತ ಹಿಂದಿನ ದರ. ಮಗಳಿಗೆ ಟಿಕೆಟ್ ಬೇಡ.

ಮಾವನವರ ಮಂಡಿಗೆ: ಮ್ಯೂಸಿಯಂನಿಂದ ಗೋಪುರಕ್ಕೆ ಒಂದು ಕಿಲೋಮೀಟರ್‌ಗೆ ಹತ್ತಿರ, ದಾರಿ ಸ್ವಲ್ಪ ಏರು. ಒತೆಮೊನ್ ದ್ವಾರದ ಒಳಗೆ ಬೆಂಚುಗಳಿವೆ, ನಡುವೆ ಕೂರಿಸಿ. ಗೋಪುರದ ಲಿಫ್ಟ್ ಎಲ್ಲರಿಗೂ 5ನೇ ಮಹಡಿಯವರೆಗೆ, ಅಲ್ಲಿಂದ 8ಕ್ಕೆ ಮೆಟ್ಟಿಲು. ನಡೆಯಲು ಕಷ್ಟ ಇರುವವರನ್ನು 8ರವರೆಗೂ ಬಿಡುತ್ತಾರೆ, ಸಿಬ್ಬಂದಿಗೆ ಮೊದಲೇ ಹೇಳಬೇಕು. ವಾಪಸ್ ಬರುವಾಗ ಬಂದ ದಾರಿ ಬೇಡ. ಇನ್ನೊಂದು ಬದಿಯ ಜೆಆರ್ ಒಸಾಕಾಜೊಕೋಯೆನ್ ನಿಲ್ದಾಣದ ಕಡೆಗೆ ದುಡ್ಡು ಕೊಟ್ಟು ಹತ್ತುವ ಪುಟ್ಟ ರೋಡ್ ಟ್ರೇನ್ ಓಡುತ್ತದೆ.

ಬೆಣ್ಣೆಮುದ್ದೆ:

ಊಟದ ಬಗ್ಗೆ ಯಾರೂ ಇನ್ನೂ ಹೇಳಿಲ್ಲ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಒಸಾಕಾದಲ್ಲಿ ಸಸ್ಯಾಹಾರಿಗಳಿಗೆ ಎದುರಾಗುವ ತೊಡಕು ಮಾಂಸಕ್ಕಿಂತ ಹೆಚ್ಚಾಗಿ ದಾಶಿ. ಒಣಗಿಸಿದ ಬೊನಿಟೊ ಮೀನಿನ ಚಕ್ಕೆ ಮತ್ತು ಕೊಂಬು ಎಂಬ ಸಮುದ್ರಪಾಚಿ ಹಾಕಿ ತೆಗೆದ ತಿಳಿಸಾರು. ಮಿಸೊ ಸೂಪ್, ಉದೊನ್ ಮತ್ತು ಸೋಬಾ ನೂಡಲ್ಸ್, ತೆಂಪುರಾ ಎಂಬ ಬಜ್ಜಿಯನ್ನು ಅದ್ದುವ ರಸ, ಬೇಯಿಸಿದ ತರಕಾರಿ, ಇನಾರಿ ಸುಶಿಯ ತೋಫು ಚೀಲ, ಎಲ್ಲದರಲ್ಲೂ ಇದೇ. ತಟ್ಟೆಯಲ್ಲಿ ತರಕಾರಿಯಷ್ಟೇ ಕಂಡರೂ ಬೇಯಿಸಿದ ನೀರು ಮೀನಿನದು. ಅಡುಗೆಯವರು ‘ಮಾಂಸ ಇಲ್ಲ’ ಅನ್ನುವಾಗ ಸುಳ್ಳು ಹೇಳುತ್ತಿರುವುದಿಲ್ಲ, ಅವರ ಲೆಕ್ಕದಲ್ಲಿ ದಾಶಿ ಮಾಂಸವೇ ಅಲ್ಲ. ಆದ್ದರಿಂದ ‘ವೆಜಿಟೇರಿಯನ್’ ಅನ್ನುವ ಒಂದು ಪದ ಸಾಲದು. ಈ ಮೂರು ವಾಕ್ಯ ಬರೆದಿಟ್ಟುಕೊಳ್ಳಿ: ‘ನಿಕು ತೊ ಸಕಾನಾ ವ ತಾಬೆಮಾಸೆನ್’ (ಮಾಂಸ, ಮೀನು ತಿನ್ನುವುದಿಲ್ಲ), ‘ಕಾತ್ಸುಒ ದಾಶಿ ಮೊ ದಾಮೆ ದೆಸು’ (ಮೀನಿನ ಸಾರೂ ಆಗದು), ‘ತಮಾಗೊ ಮೊ ತಾಬೆಮಾಸೆನ್’ (ಮೊಟ್ಟೆಯನ್ನೂ ತಿನ್ನುವುದಿಲ್ಲ). ಹೋಟೆಲಿನ ಸ್ವಾಗತ ಮೇಜಿನಲ್ಲಿ ಕೇಳಿದರೆ ಇದನ್ನೇ ಜಪಾನಿ ಲಿಪಿಯಲ್ಲಿ ಚೀಟಿಯ ಮೇಲೆ ಬರೆದುಕೊಡುತ್ತಾರೆ. ಬಾಯಿಮಾತಿಗಿಂತ ಚೀಟಿ ಒಳ್ಳೆಯದು, ಅದು ಅಡುಗೆಮನೆಯ ಒಳಗೆ ಹೋಗುತ್ತದೆ.

ಒಸಾಕಾದ ಹೆಸರಾದ ತಿಂಡಿಗಳಲ್ಲಿ ತಾಕೊಯಾಕಿಯೊಳಗೆ ಆಕ್ಟೋಪಸ್ ಇದೆ. ಒಕೊನೊಮಿಯಾಕಿ ಎಂಬ ಎಲೆಕೋಸಿನ ದಪ್ಪ ದೋಸೆಯ ಹಿಟ್ಟನ್ನು ದಾಶಿಯಲ್ಲೇ ಕಲೆಸಿರುತ್ತಾರೆ, ಮೊಟ್ಟೆ ಹಾಕದೆ ಅದು ಹಿಡಿದು ನಿಲ್ಲುವುದೂ ಇಲ್ಲ. ಹಂದಿಮಾಂಸ ಬೇಡ ಅಂದರೆ ಬಿಡುತ್ತಾರೆ, ಹಿಟ್ಟನ್ನು ಬದಲಾಯಿಸಲಾಗದು. ಕಡ್ಡಿಗೆ ಚುಚ್ಚಿ ಕರಿಯುವ ಕುಶಿಕಾತ್ಸುವಿನಲ್ಲಿ ತಾವರೆ ಬೇರು, ಈರುಳ್ಳಿ ಸಿಗುತ್ತವೆ, ಆದರೆ ಲೇಪಕ್ಕೆ ಮೊಟ್ಟೆ, ಕರಿಯುವ ಎಣ್ಣೆ ಎಲ್ಲದಕ್ಕೂ ಒಂದೇ, ಕೆಲವೆಡೆ ಎಣ್ಣೆಯ ಬದಲು ದನದ ಕೊಬ್ಬು. ಈ ಮೂರನ್ನೂ ಬಿಟ್ಟುಬಿಡಿ. ವೀಗನ್ ಒಕೊನೊಮಿಯಾಕಿ ಮಾಡುವ ಸಣ್ಣ ಅಂಗಡಿಗಳು ಊರಿನಲ್ಲಿವೆ, ಕಾಯ್ದಿರಿಸಿ ಹೋಗಬೇಕು.

ಅಂಗಡಿಯ ಪೊಟ್ಟಣಗಳ ಮೇಲಿನ ಅಲರ್ಜಿ ಪಟ್ಟಿಯನ್ನು ನಂಬಿ ಕೂರಬೇಡಿ. ಅದರಲ್ಲಿ ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿ ಮುಂತಾದವು ಕಡ್ಡಾಯ. ಬೊನಿಟೊ ಮೀನಿನ ಸಾರು ಆ ಪಟ್ಟಿಗೆ ಬರುವುದಿಲ್ಲ. ಮೊಟ್ಟೆ ಪತ್ತೆ ಮಾಡಲು ಅದು ಉಪಯೋಗ, ಮೀನಿಗೆ ಪೂರ್ತಿ ಪದಾರ್ಥ ಪಟ್ಟಿಯನ್ನು ಫೋನಿನ ಕ್ಯಾಮೆರಾ ಅನುವಾದದಲ್ಲಿ ನೋಡಿ. ಉಮೆಬೋಶಿ (ಉಪ್ಪಿನಲ್ಲಿಟ್ಟ ಹುಳಿ ಹಣ್ಣು) ಹಾಕಿದ ಓನಿಗಿರಿ ಎಂಬ ಅನ್ನದುಂಡೆಯಲ್ಲೂ ಕೆಲವು ಕಂಪನಿಯವು ಬೊನಿಟೊ ಹಾಕುತ್ತವೆ. ಸಾದಾ ಉಪ್ಪಿನ ಓನಿಗಿರಿ ಹೆಚ್ಚು ಸುರಕ್ಷಿತ. ಮೊಸರಿನಲ್ಲಿ, ಪುಡ್ಡಿಂಗ್‌ನಲ್ಲಿ ಜೆಲಾಟಿನ್ ಇರಬಹುದು, ಬ್ರೆಡ್ಡಿನಲ್ಲಿ ಹಂದಿ ಕೊಬ್ಬು. ಧೈರ್ಯವಾಗಿ ಕೊಳ್ಳಬಹುದಾದವು: ಸುಟ್ಟ ಗೆಣಸು, ಬೇಯಿಸಿದ ಎದಮಾಮೆ (ಹಸಿ ಸೋಯಾ ಕಾಯಿ), ಬಾಳೆಹಣ್ಣು, ತೋಫು (ಜೊತೆಗಿನ ಸಾಸ್ ಪೊಟ್ಟಣ ಬಿಟ್ಟು), ಸೋಯಾ ಹಾಲು, ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವ ಸಾದಾ ಅನ್ನ.

ಭಾರತೀಯ ಹೋಟೆಲುಗಳು ನಂಬಾ, ಹೊನ್ಮಾಚಿ, ಉಮೆದಾದಲ್ಲಿವೆ. ರಾತ್ರಿ ಊಟ ಅಲ್ಲಿ, ಮಧ್ಯಾಹ್ನ ಕೈಯಲ್ಲಿ ಹಿಡಿದದ್ದು ಅಂತ ಇಟ್ಟುಕೊಂಡರೆ ಮಕ್ಕಳೂ ಹಿರಿಯರೂ ಹಸಿದು ಅಲೆಯುವುದಿಲ್ಲ. ಅನೇಕ ಹೋಟೆಲು ಮಧ್ಯಾಹ್ನ 2.30ರಿಂದ 5ರವರೆಗೆ ಮುಚ್ಚುತ್ತವೆ, ಇದು ನಮ್ಮ ಊಟದ ಹೊತ್ತಿಗೆ ಸರಿಯಾಗಿ ಕೊಕ್ಕೆ ಹಾಕುತ್ತದೆ.

ಗಿರಮಿಟ್ಟು:

ಬೆಣ್ಣೆಮುದ್ದೆ ಅವರು ಹೇಳಿದ್ದು ಖರೇ ಐತಿ. ಅದಕ್ಕೊಂದು ಮಾತು ಸೇರಸ್ತೀನ್ರಿ. ಅವಲಕ್ಕಿ ಚೂಡಾ, ಚಟ್ನಿಪುಡಿ, ಬಿಸಿನೀರು ಹಾಕಿದ್ರ ಆಗೋ ಉಪ್ಪಿಟ್ಟಿನ ಪಾಕೀಟು ಒಯ್ಯಾಕ ಅಡ್ಡಿಯಿಲ್ಲ. ಹಸಿ ಕರಿಬೇವು, ಹಣ್ಣು, ಕಾಯಿಪಲ್ಯಾ ಮಾತ್ರ ಒಯ್ಯಬ್ಯಾಡ್ರಿ, ಕ್ವಾರಂಟೈನ್ ಮ್ಯಾಲೆ ತಗೊಂಡು ಬಿಡ್ತಾರ. ಇಲ್ಲಿಂದ ಕರೆಂಟಿನ ಕೆಟಲ್, ಸಣ್ಣ ಕುಕ್ಕರ್ ಒಯ್ದ್ರೂ ಉಪಯೋಗಿಲ್ಲರಿ. ಅಲ್ಲಿ 100 ವೋಲ್ಟ್, ನಮ್ದು 230. 1,500 ವಾಟಿಂದು ಅಲ್ಲಿ ಸುಮಾರು 280 ವಾಟಿನಂಗ ಕೆಲಸ ಮಾಡ್ತೈತಿ, ಒಂದು ಲೀಟರ್ ನೀರು ಕುದಿಯಾಕ 20 ನಿಮಿಷಕ್ಕಿಂತ ಜಾಸ್ತಿ ಬೇಕು. ಹೋಟೆಲ್ ರೂಮಿನ್ಯಾಗ ಕೆಟಲ್ ಇರ್ತೈತಿ, ಅದನ್ನ ಬಳಸ್ರಿ. ಪ್ಲಗ್ ಎರಡು ಚಪ್ಪಟೆ ಕಡ್ಡೀದು.

ಔಷಧದ್ದೂ ನೋಡ್ಕೋರಿ. ಸ್ಯೂಡೋಎಫೆಡ್ರಿನ್ ಶೇ 10ಕ್ಕಿಂತ ಜಾಸ್ತಿ ಇರೋ ನೆಗಡಿ ಗುಳಿಗಿ ಜಪಾನಿಗೆ ಒಯ್ಯೋಹಂಗಿಲ್ಲ. ಹಿರಿಯರ ಬಿಪಿ, ಶುಗರ್ ಗುಳಿಗಿ ಒಂದು ತಿಂಗಳಿಗಾಗುವಷ್ಟು, ಡಾಕ್ಟರ್ ಚೀಟಿ ಜೋಡಿ ಇಟ್ಕೋರಿ.

ಕಡಲಂಚು:

ಯೂನಿವರ್ಸಲ್ ಮಂಗಳವಾರ 17ಕ್ಕೆ ಬರಲಿ. ಅತ್ತೆ, ಮಾವ ಅಲ್ಲಿಗೆ ಬರುವುದು ಅಗತ್ಯವಿಲ್ಲ, ಒಬ್ಬರ ಟಿಕೆಟ್ ದುಡ್ಡಿಗೆ ತಕ್ಕಷ್ಟು ಅವರಿಗೆ ಅಲ್ಲಿ ಸಿಗುವುದಿಲ್ಲ. ಅದೇ ದಿನ ನಿಮ್ಮಲ್ಲೊಬ್ಬರು ಅವರನ್ನು ಕಾಯ್ಯುಕಾನ್‌ಗೆ ಕರೆದೊಯ್ಯಿರಿ. ನೀರಿನ ಆಚೆ ದಡ, ಈಚೆ ದಡ ಅಷ್ಟೇ.

ಯೂನಿವರ್ಸಲ್‌ಗೆ ಹೋಗುವವರಿಗೆ ಮೂರು ವಿಷಯ. ಒಂದು, ಬಾಗಿಲು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಮುಂಚೆಯೇ ತೆರೆಯುತ್ತದೆ. ಎರಡು, ಪಾರ್ಕಿನ ಮಾರಿಯೊ ಆಟದ ಭಾಗವಾದ ಸೂಪರ್ ನಿಂಟೆಂಡೊ ವರ್ಲ್ಡ್ ಒಳಗೆ ಜನ ಹೆಚ್ಚಾದಾಗ ಸಮಯ ಗೊತ್ತುಮಾಡಿದ ಚೀಟಿ ಬೇಕು. ಪುಕ್ಕಟೆ ಚೀಟಿ ಪಾರ್ಕಿನ ಆ್ಯಪ್‌ನಲ್ಲಿ, ಗೇಟು ದಾಟಿ ಒಳಗೆ ಹೋದಮೇಲೆ ಮಾತ್ರ ಸಿಗುತ್ತದೆ. ಹೋಟೆಲಿನಲ್ಲೇ ಎಲ್ಲರ ಟಿಕೆಟಿನ ಕ್ಯೂಆರ್ ಆ್ಯಪ್‌ಗೆ ಸೇರಿಸಿಟ್ಟುಕೊಂಡಿರದಿದ್ದರೆ ಗೇಟಿನ ಒಳಗೆ ನಿಂತು ಅದನ್ನು ಮಾಡುವಷ್ಟರಲ್ಲಿ ಬೆಳಗಿನ ಚೀಟಿಗಳು ಮುಗಿದಿರುತ್ತವೆ. ಅಲ್ಲಿನ ಮಾರಿಯೊ ಕಾರ್ಟ್ ಸವಾರಿ ಸೇರಿದ, ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಕೊಂಡರೆ ಆ ಜಾಗದ ಪ್ರವೇಶ ಸಮಯವೂ ಅದರಲ್ಲೇ ಬರುತ್ತದೆ, ಬೆಲೆ ದಿನದಿನಕ್ಕೆ ಬೇರೆ. ಮೂರು, ಎತ್ತರ: ಮಾರಿಯೊ ಕಾರ್ಟ್‌ಗೆ ಮಗು ಒಂಟಿಯಾಗಿ ಕೂರಲು 122 ಸೆಂಟಿಮೀಟರ್, ದೊಡ್ಡವರ ಜೊತೆ 107. ಮಗಳ ಎತ್ತರ ಮನೆಯಲ್ಲೇ ಅಳೆದುಕೊಂಡು ಹೋಗಿ. ಟಿಕೆಟನ್ನು ಜಪಾನಿ ಜಾಲತಾಣದಲ್ಲಿ ಕೊಳ್ಳುವಾಗ ಭಾರತದ ಕಾರ್ಡ್ ಎಷ್ಟೋ ಸಲ ಒಪ್ಪುವುದಿಲ್ಲ, ಅಧಿಕೃತ ಮಾರಾಟಗಾರರಲ್ಲಿ ಕೊಳ್ಳಿ.

ಕಾಯ್ಯುಕಾನ್ 1990ರಲ್ಲಿ ತೆರೆದದ್ದು, ಚುವೊ ಮಾರ್ಗದ ಒಸಾಕಾಕೊ ನಿಲ್ದಾಣದಿಂದ ಐದು ನಿಮಿಷ. ಎಸ್ಕಲೇಟರ್ ನೇರ 8ನೇ ಮಹಡಿಗೆ ಒಯ್ಯುತ್ತದೆ. ಅಲ್ಲಿಂದ 9 ಮೀಟರ್ ಆಳದ, 5,400 ಟನ್ ನೀರಿನ ತೊಟ್ಟಿಯ ಸುತ್ತ ಇಳಿಜಾರಿನಲ್ಲಿ ಸುತ್ತಿ ಇಳಿಯುತ್ತಾ ಬರಬೇಕು. ಮೇಲೆ ನೀರಿನ ಮಟ್ಟದಲ್ಲಿ ಕಂಡ ತಿಮಿಂಗಿಲ ಶಾರ್ಕ್ ಕೆಳಗೆ ಬಂದಾಗ ತಲೆಯ ಮೇಲೆ ಹಾದುಹೋಗುತ್ತದೆ. ಮೆಟ್ಟಿಲಿಲ್ಲ, ಇಳಿಜಾರೇ, ಮಾವನವರಿಗೆ ಸರಿಹೋಗುತ್ತದೆ. ಟಿಕೆಟಿಗೆ ಪ್ರವೇಶದ ಹೊತ್ತು ಇರುತ್ತದೆ, ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಿ.

ಅಲ್ಲಿಂದ ಯೂನಿವರ್ಸಲ್ ಕಡೆಗೆ ಬರಲು ದುಡ್ಡಿನ ಕ್ಯಾಪ್ಟನ್ ಲೈನ್ ದೋಣಿ ಇದೆ, ಹತ್ತು ನಿಮಿಷ. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದು: ನಗರಪಾಲಿಕೆ ನಡೆಸುವ ಕಡವು. ಊರಿನಲ್ಲಿ ಇಂಥ ಎಂಟು ಕಡವುಗಳಿವೆ, ಎಲ್ಲವೂ ಪುಕ್ಕಟೆ, ಸೈಕಲ್ ಸಮೇತ ಹತ್ತಬಹುದು. ತೆಂಪೋಜಾನ್‌ನಿಂದ ಸಾಕುರಾಜಿಮಾಕ್ಕೆ ಸುಮಾರು 400 ಮೀಟರ್ ನೀರು, ಅರ್ಧ ಗಂಟೆಗೊಂದು ದೋಣಿ. ಆಚೆ ದಡದಿಂದ ಸಾಕುರಾಜಿಮಾ ರೈಲು ನಿಲ್ದಾಣ ಹತ್ತು ನಿಮಿಷ, ಯೂನಿವರ್ಸಲ್ ಸಿಟಿ ಅದರ ಮುಂದಿನದೇ. ಗಾಳಿ ಜೋರಿದ್ದರೆ ದೋಣಿ ನಿಲ್ಲುತ್ತದೆ.

ಮಿದೋಸುಜಿ:

ಕಡಲಂಚು ಅವರ ಸಲಹೆಗೆ ಒಂದೇ ತಕರಾರು. ಕಡವಿನ ಎರಡೂ ಬದಿಯ ನಡಿಗೆ ಸೇರಿದರೆ ಮಾವನವರಿಗೆ ಒಂದೂವರೆ ಕಿಲೋಮೀಟರ್ ಸಮೀಪ ಆಗುತ್ತದೆ. ಹಿರಿಯರು ಕಾಯ್ಯುಕಾನ್ ಮುಗಿಸಿ ಚುವೊ ಮಾರ್ಗದಲ್ಲೇ ಹೊನ್ಮಾಚಿಗೆ ಬಂದು, ಅಲ್ಲಿ ಮಿದೋಸುಜಿ ಹಿಡಿದು ನಂಬಾ ಸೇರಲಿ.

ಕಡಲಂಚು:

ಹೌದು, ನಡಿಗೆಯ ಲೆಕ್ಕ ಹಿಡಿದರೆ ಅದೇ ಸರಿ. ಕಡವನ್ನು ನಡೆಯಬಲ್ಲವರಿಗೆ ಇಟ್ಟುಕೊಳ್ಳಿ.

ಅಲ್ಲೇ ಮುಂದಿನ ಯುಮೆಶಿಮಾ ದ್ವೀಪದ ವಿಡಿಯೊಗಳನ್ನು ನೋಡಿ ಯಾರೂ ಮೋಸಹೋಗಬೇಡಿ. ವಿಶ್ವ ಎಕ್ಸ್‌ಪೊ 2025ರ ಅಕ್ಟೋಬರ್ 13ಕ್ಕೆ ಮುಗಿದಿದೆ.

ಸೂತ್ರಧಾರ:

ಬುನ್ರಾಕು ಗೊಂಬೆಯಾಟ ಯಾರ ಪಟ್ಟಿಯಲ್ಲೂ ಇಲ್ಲವಲ್ಲ! ಒಸಾಕಾವೇ ಅದರ ಮನೆ. ರಾಷ್ಟ್ರೀಯ ಬುನ್ರಾಕು ರಂಗಮಂದಿರ 1984ರಲ್ಲಿ ನಿಪ್ಪೊಂಬಾಶಿಯಲ್ಲಿ ತೆರೆದದ್ದು, ನಂಬಾದಿಂದ ಒಂದೇ ನಿಲ್ದಾಣ. ವರ್ಷವಿಡೀ ಆಟ ಇರುವುದಿಲ್ಲ, ನವೆಂಬರ್ ಸಾಮಾನ್ಯವಾಗಿ ಆಟದ ತಿಂಗಳು. ಒಂದು ಗೊಂಬೆಗೆ ಮೂವರು: ಮುಖ್ಯ ಆಟಗಾರನ ಕೈಯಲ್ಲಿ ತಲೆ ಮತ್ತು ಬಲಗೈ, ಎರಡನೆಯವನದು ಎಡಗೈ, ಮೂರನೆಯವನದು ಕಾಲು. ಬದಿಯ ವೇದಿಕೆಯಲ್ಲಿ ತಾಯು ಎಂಬ ಕಥನಕಾರ ಎಲ್ಲ ಪಾತ್ರಗಳ ಮಾತನ್ನೂ ಒಬ್ಬನೇ ಹೇಳುತ್ತಾನೆ, ಪಕ್ಕದಲ್ಲಿ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯ ನುಡಿಸುವವನು. ನಮ್ಮ ಕಡೆಯ ಸೂತ್ರದ ಗೊಂಬೆಯಾಟ ನೋಡಿದವರು ಇಲ್ಲಿ ನೂಲೇ ಇಲ್ಲದಿರುವುದನ್ನು ಗಮನಿಸಬೇಕು; ಮುಖ್ಯ ಆಟಗಾರ ಮುಖ ಮುಚ್ಚಿಕೊಳ್ಳದೆ ಎಲ್ಲರಿಗೂ ಕಾಣುವಂತೆ ನಿಂತಿರುತ್ತಾನೆ, ಆದರೂ ಸ್ವಲ್ಪ ಹೊತ್ತಿನಲ್ಲಿ ಕಣ್ಣು ಗೊಂಬೆಯನ್ನಷ್ಟೇ ನೋಡತೊಡಗುತ್ತದೆ. ಪೂರ್ತಿ ಆಟ ಹಲವು ಗಂಟೆ ನಡೆಯುತ್ತದೆ. ಒಂದೇ ಅಂಕಕ್ಕೆ ಅಗ್ಗದ ಟಿಕೆಟ್ ಕೊಡುತ್ತಾರೆ, ಮಗಳ ಜೊತೆ ಹೋಗುವವರಿಗೆ ಅದೇ ಸಾಕು. ಇಂಗ್ಲಿಷ್ ವಿವರಣೆಯ ಇಯರ್‌ಫೋನ್ ಬಾಡಿಗೆಗೆ ಸಿಗುತ್ತದೆ.

ಶಿತೆನ್ನೋಜಿಯ ಬಗ್ಗೆಯೂ ಹೇಳಬೇಕು. ರಾಜಕುಮಾರ ಶೋತೊಕು 593ರಲ್ಲಿ ಕಟ್ಟಿಸಿದ ದೇವಾಲಯ. ಈಗಿನ ಕಟ್ಟಡಗಳು ಯುದ್ಧದ ನಂತರದವು, ವಿನ್ಯಾಸ ಹಳೆಯದೇ: ದಕ್ಷಿಣದಿಂದ ಉತ್ತರಕ್ಕೆ ಒಂದೇ ಗೆರೆಯಲ್ಲಿ ಬಾಗಿಲು, ಗೋಪುರ, ಬಂಗಾರದ ಮಂಟಪ, ಉಪನ್ಯಾಸ ಮಂಟಪ. ಹೆಸರಿನಲ್ಲಿರುವ ನಾಲ್ವರು ದಿಕ್ಕಿನ ರಾಜರು ನಮಗೆ ದೂರದವರಲ್ಲ: ಧೃತರಾಷ್ಟ್ರ, ವಿರೂಢಕ, ವಿರೂಪಾಕ್ಷ, ವೈಶ್ರವಣ. ಅತ್ತೆ, ಮಾವನವರಿಗೆ ಅಲ್ಲಿ ನಿಂತು ಇದನ್ನು ಹೇಳಿ. ಶನಿವಾರದ ಸಂತೆಯಲ್ಲಿ ಹಳೆಯ ಕಿಮೊನೊ, ಪಿಂಗಾಣಿ, ಹತಾರ ಮಾರುತ್ತಾರೆ. ನಗದು ಮಾತ್ರ, ಬೆಳಗ್ಗೆ 9ರ ಒಳಗೆ ಹೋದರೆ ಕಾಲಿಡಲು ಜಾಗ ಇರುತ್ತದೆ, ಮೂರು ಗಂಟೆಗೆಲ್ಲ ಕಟ್ಟಲು ಶುರು. ಅಲ್ಲಿಂದ ತೆನ್ನೋಜಿಯ ಅಬೆನೊ ಹರುಕಾಸ್ ಹತ್ತಿರ. 300 ಮೀಟರಿನ ಆ ಕಟ್ಟಡದ ತುದಿಗೆ ಹೋಗಲು ಟಿಕೆಟ್ ಬೇಕು, 16ನೇ ಮಹಡಿಯ ತೆರೆದ ತೋಟ ಪುಕ್ಕಟೆ, ಊಟದ ನಂತರ ಕೂರಲು ಒಳ್ಳೆಯದು.

ತುಂಗೆಯ ದಂಡೆ:

ನಾರಾ ಮತ್ತು ಮಿನೊ ಉಳಿಯಿತು. ಜಲಪಾತದವರೆಗೆ ಮಾವ ನಡೆಯಲಾರರು ಅನ್ನಿಸುತ್ತಿದೆ.

ಬುರುಜು:

ಮಿನೊ ಶುಕ್ರವಾರ 20ಕ್ಕೆ. ಕೆಂಪು ಮೇಪಲ್ ಎಲೆಯ ಕಾಲ, ಶನಿವಾರದ ರಜೆ ಶುರುವಾದರೆ ಆ ಕಿರಿದಾದ ದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ನಿಲ್ಲಬೇಕಾಗುತ್ತದೆ. ಉಮೆದಾದಿಂದ ಹಾಂಕ್ಯು ರೈಲಿನಲ್ಲಿ ಇಶಿಬಾಶಿಯಲ್ಲಿ ಬದಲಾಯಿಸಿ ಮಿನೊಗೆ ಅರ್ಧ ಗಂಟೆ. ನಿಲ್ದಾಣದಿಂದ 33 ಮೀಟರ್ ಎತ್ತರದ ಜಲಪಾತಕ್ಕೆ 2.8 ಕಿಲೋಮೀಟರ್, ಹೊಳೆಯ ಪಕ್ಕದ ಗಟ್ಟಿ ದಾರಿ, ಸುಮಾರು 45 ನಿಮಿಷ. ಮಾವನವರನ್ನು ಪೂರ್ತಿ ಬಿಟ್ಟುಹೋಗುವುದು ಬೇಡ. ಸುಮಾರು ಒಂದು ಕಿಲೋಮೀಟರ್‌ನಲ್ಲಿ ರ‍್ಯೂಆನ್-ಜಿ ದೇವಾಲಯ ಸಿಗುತ್ತದೆ, ಅಲ್ಲಿನ ಬೆಂಜಾಯ್ತೆನ್ ನಮ್ಮ ಸರಸ್ವತಿಯೇ. ಕೆಂಪು ಸೇತುವೆ, ಹೊಳೆ, ಮೇಪಲ್ ಮೂರೂ ಅಲ್ಲಿಯೇ ಇವೆ. ಹಿರಿಯರು ಅಲ್ಲಿ ಕೂತಿರಲಿ, ಉಳಿದವರು ಮೇಲೆ ಹೋಗಿ ಬನ್ನಿ. ದಾರಿಯ ಅಂಗಡಿಗಳಲ್ಲಿ ಮೊಮಿಜಿ ತೆಂಪುರಾ ಮಾರುತ್ತಾರೆ. ಮೇಪಲ್ ಎಲೆಯನ್ನು ಒಂದು ವರ್ಷ ಉಪ್ಪಿನಲ್ಲಿಟ್ಟು, ಸಕ್ಕರೆ, ಎಳ್ಳು ಬೆರೆಸಿದ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಮೊಟ್ಟೆ ಇಲ್ಲ ಅನ್ನುವುದನ್ನು ಅಂಗಡಿಯಲ್ಲಿ ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ. ಮಂಗಗಳಿವೆ, ತಿಂಡಿ ಚೀಲದೊಳಗಿರಲಿ.

ನಾರಾಕ್ಕೆ ಜೆಆರ್ ಬೇಡ. ಒಸಾಕಾ-ನಂಬಾದಿಂದ ಕಿಂತೆತ್ಸು ರ‍್ಯಾಪಿಡ್ ಎಕ್ಸ್‌ಪ್ರೆಸ್ 40 ನಿಮಿಷ, 680 ಯೆನ್, ಕಿಂತೆತ್ಸು ನಾರಾ ನಿಲ್ದಾಣ ಜಿಂಕೆ ವನದ ಬದಿಗೇ ಇದೆ. ಜೆಆರ್ ನಾರಾದಿಂದ ಅಲ್ಲಿಗೆ 20 ನಿಮಿಷ ನಡೆಯಬೇಕು. ಕಿಂತೆತ್ಸುವಿನಲ್ಲಿ ‘ಲಿಮಿಟೆಡ್ ಎಕ್ಸ್‌ಪ್ರೆಸ್’ ಅಂತ ಬರೆದದ್ದಕ್ಕೆ ಹೆಚ್ಚುವರಿ ಟಿಕೆಟ್ ಬೇಕು, ಅದಕ್ಕೆ ಹತ್ತಬೇಡಿ. ನಾರಾದ ತೋದಾಯ್ಜಿ ದೇವಾಲಯದ ಮಹಾಬುದ್ಧನ ಕಣ್ಣು ತೆರೆಯುವ ವಿಧಿಯನ್ನು 752ರಲ್ಲಿ ನಡೆಸಿದವನು ಭಾರತದ ಭಿಕ್ಷು ಬೋಧಿಸೇನ. ಅವನು 736ರಲ್ಲಿ ಹಡಗಿನಿಂದ ಇಳಿದದ್ದು ನಾನಿವಾದಲ್ಲಿ, ಅಂದರೆ ಇಂದಿನ ಒಸಾಕಾದಲ್ಲಿ. ಬುಧವಾರ ಮ್ಯೂಸಿಯಂನಲ್ಲಿ ಆ ಕಾಲದ ನಾನಿವಾವನ್ನು ನೋಡಿ ಗುರುವಾರ ನಾರಾಕ್ಕೆ ಹೋಗುವ ಕ್ರಮ ಇದರಿಂದ ಇನ್ನೂ ಅರ್ಥಪೂರ್ಣ. ಜಿಂಕೆಗೆ ಅಲ್ಲಿ ಮಾರುವ ಬಿಸ್ಕತ್ತು ಮಾತ್ರ ಕೊಡಬೇಕು. ಮಗಳ ಕೈಯಲ್ಲಿ ಕಟ್ಟು ಪೂರ್ತಿ ಕೊಡಬೇಡಿ, ಒಂದೊಂದೇ ತೆಗೆದುಕೊಡಿ. ಕಟ್ಟು ಕಂಡರೆ ಸುತ್ತುವರಿದು ಬಟ್ಟೆ ಎಳೆಯುತ್ತವೆ.

ತುಂಗೆಯ ದಂಡೆ:

ಹೊಸ ಯೋಜನೆ: ಮಂಗಳ ಯೂನಿವರ್ಸಲ್ ಮತ್ತು ಕಾಯ್ಯುಕಾನ್, ಬುಧ ಮ್ಯೂಸಿಯಂ ಮತ್ತು ಕೋಟೆ, ಗುರು ನಾರಾ, ಶುಕ್ರ ಮಿನೊ ಮುಗಿಸಿ ಸಂಜೆ ಉಮೆದಾ, ಶನಿ ಶಿತೆನ್ನೋಜಿ ಸಂತೆ, ಮಧ್ಯಾಹ್ನ ಬುನ್ರಾಕು, ರಾತ್ರಿ ದೋತೊಂಬೊರಿ. ಸುಮಿಯೋಶಿ ಬಿಟ್ಟೆ. ಖರೀದಿಗೆ ತೆರಿಗೆ ವಿನಾಯಿತಿ ಹೇಗೆ?

ಕೆಂಪು ಬಸ್ಸು:

2026ರ ನವೆಂಬರ್ 1ರಿಂದ ನಿಯಮ ಬದಲು. ಅಂಗಡಿಯಲ್ಲಿ ತೆರಿಗೆ ಸೇರಿಸಿ ಪೂರ್ತಿ ಕೊಡಬೇಕು, ದೇಶ ಬಿಡುವಾಗ ಕಸ್ಟಮ್ಸ್‌ನಲ್ಲಿ ಖಾತ್ರಿಯಾದ ಮೇಲೆ ಹಣ ವಾಪಸ್. ಕೊಂಡ ಸಾಮಾನನ್ನು ತೋರಿಸಲು ಹೇಳಬಹುದು, ಹಾಗಾಗಿ ಅವನ್ನು ದೊಡ್ಡ ಪೆಟ್ಟಿಗೆಯ ತಳಕ್ಕೆ ಹಾಕಿ ಮೊದಲೇ ಚೆಕ್-ಇನ್ ಮಾಡಿಬಿಡಬೇಡಿ.

ಶುಕ್ರವಾರ ಉಮೆದಾದಲ್ಲಿ ಹಾಂಕ್ಯುವಿನಿಂದ ಇಳಿದವರು ಉತ್ತರ ಬದಿಯ ಉಮೆಕಿತಾ ಉದ್ಯಾನಕ್ಕೆ ಹೋಗಿ, 2024ರ ಸೆಪ್ಟೆಂಬರ್‌ನಲ್ಲಿ ತೆರೆದದ್ದು, ಹುಲ್ಲಿನ ಮೇಲೆ ಕೂರಬಹುದು. ಅಲ್ಲಿಂದ ಸ್ಕೈ ಕಟ್ಟಡ ಹತ್ತಿರ. ನವೆಂಬರ್‌ನಲ್ಲಿ ಸಂಜೆ 5ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, 4ಕ್ಕೆ ಮೇಲಿರಬೇಕು. ಎಸ್ಕಲೇಟರಿನಲ್ಲಿ ಒಸಾಕಾದವರು ಬಲಗಡೆ ನಿಲ್ಲುತ್ತಾರೆ, ತೋಕಿಯೊಗೆ ತದ್ವಿರುದ್ಧ. ಮಿದೋಸುಜಿ ಮೆಟ್ರೋದ 6ನೇ ಬೋಗಿ ವಾರದ ದಿನಗಳಲ್ಲಿ ಹೆಂಗಸರಿಗೆ, ಸಂಜೆಯ ನೂಕುನುಗ್ಗಲಿನಲ್ಲಿ ಅತ್ತೆ, ಮಗಳು ಅದಕ್ಕೆ ಹತ್ತಲಿ. ಮಾವ ಮತ್ತು ನಿಮ್ಮವರು ಪಕ್ಕದ ಬೋಗಿಯಲ್ಲಿ, ಇಳಿಯುವುದು ನಂಬಾ ಅಂತ ಮೊದಲೇ ಹೇಳಿಟ್ಟುಕೊಂಡು.

ಮಿದೋಸುಜಿ:

ಯೋಜನೆ ಈಗ ನಡೆಯುತ್ತದೆ. ಭಾನುವಾರದ ರಾಪಿತೊ ಸೀಟನ್ನು ಶನಿವಾರ ಸಂಜೆ ಹೋಟೆಲಿಗೆ ವಾಪಸ್ ಬರುವಾಗಲೇ ನಂಕಾಯ್ ನಂಬಾದಲ್ಲಿ ಕೊಂಡುಬಿಡಿ, ರಜೆಯ ನಡುವಿನ ದಿನವಾದ್ದರಿಂದ ಬೆಳಗ್ಗೆ ಸಿಗದೇ ಇರಬಹುದು. ಸಿಗದಿದ್ದರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ನಂಬಾದಿಂದಲೇ ಹೊರಡುವ ರೈಲು. ಹೊರಡುವ ಹತ್ತು ನಿಮಿಷ ಮುಂಚೆ ಪ್ಲಾಟ್‌ಫಾರ್ಮಿನಲ್ಲಿ ಸಾಲಿಗೆ ನಿಂತರೆ ಐವರಿಗೂ ಕೂರಲು ಸಿಗುತ್ತದೆ.